ಮರಿಯಮ್ಮನ ಹಸಿರು ಬಳೆ

ಬೈಲಹೊಂಗಲದ ಕಾನ್ವೆಂಟ್ ಶಾಲೆಗೆ ಸೋಮವಾರ ಪ್ರಾರ್ಥನೆಯ ಗಂಟೆಗಿಂತ ಮೊದಲೇ ಸುದ್ದಿ ತಲುಪಿತ್ತು: ಹತ್ತನೆಯ ಕ್ಲಾಸಿನ ಹರಿಪ್ರಿಯಾಳಿಗೆ ಕುಬಸ ಆಗಿದೆ! ಕುಬಸವೆಂದರೆ ಬಸುರಿಗೆ ಮಾಡುವ ಶಾಸ್ತ್ರ. ಇನ್ನು ಊರ ಬಾಯಿಗೆ ಬೀಗ ಹಾಕುವವರು ಯಾರು?

ತಂಗಿ ಸುಚೇತಾಗೆ ನಗುವೂ ಬಂತು, ಸಿಟ್ಟೂ ಬಂತು. ಆದದ್ದಿಷ್ಟೇ. ಭಾನುವಾರ ಸವದತ್ತಿಯಲ್ಲಿ ಕಾಕಿಯ, ಅಂದರೆ ಚಿಕ್ಕಮ್ಮನ, ಕುಬಸವಿತ್ತು. ಬಸುರಿ ಒಬ್ಬಳೇ ಕೂಡಬಾರದು, ಪಕ್ಕದಲ್ಲಿ ಮನೆಯ ಹುಡುಗಿಯೊಬ್ಬಳನ್ನು ಅಂಥದೇ ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂಡಿಸಬೇಕು ಎಂಬುದು ಅವರ ಮನೆತನದ ಪದ್ಧತಿ. ಆ ಬಳೆ ವಾರವಿಡೀ ತೆಗೆಯುವಂತಿಲ್ಲ. ಕಾಕಿ ನೀರು ಕುಡಿಯಲು ಎದ್ದಾಗಲೇ ಅಜ್ಜಿ ತಾರಾಬಾಯಿ ಹರಿಪ್ರಿಯಾ ಒಬ್ಬಳದೇ ಫೋಟೊ ಹೊಡೆದು, ‘ಕುಬಸದ ಸಂಭ್ರಮ’ ಎಂದು ಸ್ಟೇಟಸ್ ಇಟ್ಟುಬಿಟ್ಟರು. ಅಜ್ಜಿಗೆ ಫೋನು ಕಲಿಸಿದ್ದು ಸುಚೇತಾಳೇ. ಮಾಡಿದ್ದುಣ್ಣೋ ಮಹರಾಯ!

ಮಧ್ಯಾಹ್ನ ಕ್ರಿಸ್‌ಮಸ್ ನಾಟಕದ ತಾಲೀಮು. ಕುರಿಯಾಗಿ, ಕತ್ತೆಯಾಗಿ ವರ್ಷಗಟ್ಟಲೆ ಕಾದ ಹರಿಪ್ರಿಯಾಳಿಗೆ ಈ ಸಲ ಯೇಸುವಿನ ತಾಯಿ ಮರಿಯಮ್ಮನ ಪಾತ್ರ ಸಿಕ್ಕಿತ್ತು. ಮಂಗಳೂರು ಕಡೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲೂರ್ದಿನಾ ಅವಳ ತಲೆಯ ನೀಲಿ ಸೆರಗು ತೆಗೆಸಿದರು.

“ನಿನ್ನ ತಪ್ಪಿಲ್ಲ ಮಗಳೇ, ಅಜ್ಜಿ ಎಲ್ಲ ಹೇಳಿದ್ದಾರೆ. ಆದರೆ ಜನ ಮಾತಾಡುತ್ತಾರಲ್ಲ. ಈ ವರ್ಷ ಬೇಡ.”

ಹರಿಪ್ರಿಯಾ ತುಟಿ ಕಚ್ಚಿಕೊಂಡು ಸೆರಗನ್ನು ಮಡಚತೊಡಗಿದಳು. ಸುಚೇತಾ ಮುಂದೆ ಬಂದಳು.

“ಸಿಸ್ಟರ್, ಲಗ್ನಕ್ಕ ಮೊದಲ ಬಸುರಾದ ಮರಿಯಮ್ಮನ ಬಗ್ಗೆನೂ ಆಗ ಮಂದಿ ಮಾತಾಡಿರಬೇಕಲ್ರಿ?”

ತಾಲೀಮು ನಿಂತಿತು.

“ಆಕಿನ್ನ ಲಗ್ನ ಆಗಬೇಕಿದ್ದ ಜೋಸೆಫನೂ ಮೊದಲು ಆಕಿನ್ನ ಸುಮ್ಮನ ಬಿಟ್ಟುಬಿಡಬೇಕಂತ ಮಾಡಿದ್ದನಂತ. ನೀವ ಕಲಿಸೀರಿ.”

“ಅವನಿಗೆ ಕನಸಿನಲ್ಲಿ ದೇವದೂತ ಬಂದು ತಿಳಿಹೇಳಿದ,” ಎಂದರು ಸಿಸ್ಟರ್ ಗಂಭೀರವಾಗಿ.

“ನಿಮಗ ನಾ ಬಂದೇನಲ್ರಿ.”

ಹೇಳಿದವಳು ಮೈತುಂಬ ಅರಳೆ ಅಂಟಿಸಿಕೊಂಡಿದ್ದ, ಒಂದು ಕಿವಿ ಜೋತುಬಿದ್ದ, ಈ ಸಲದ ನಾಟಕದ ಕುರಿ. ನಗು ತಡೆಯಲು ಸಿಸ್ಟರ್ ಕೊರಳಿನ ಶಿಲುಬೆ ಹಿಡಿದುಕೊಂಡರು, ಪ್ರಯೋಜನವಾಗಲಿಲ್ಲ. ನಕ್ಕು ಮುಗಿಸಿದ ಮೇಲೆ ಮಾತ್ರ ಅವರಿಗೆ ನಾಚಿಕೆಯಾಯಿತು. ತಾವೇ ಎದ್ದು ಹರಿಪ್ರಿಯಾಳಿಗೆ ಸೆರಗು ಹೊದಿಸಿದರು. ಅವಳು ಅವಸರದಿಂದ ಬಳೆ ತೆಗೆಯಹೋದಾಗ ಕೈ ಹಿಡಿದರು.

“ಇರಲಿ ಬಿಡು. ಮರಿಯಮ್ಮ ಬಳೆ ತೊಟ್ಟೇ ಬರಲಿ. ಜನ ನೋಡಲಿ.”

ಅಷ್ಟು ಹೊತ್ತು ತಡೆದಿದ್ದ ಹರಿಪ್ರಿಯಾ ಆಗ ಗಳಗಳ ಅತ್ತಳು.

“ಅಳಬ್ಯಾಡಕ್ಕಾ, ಸೆರಗು ತೊಯ್ತದ,” ಎಂದ ಕುರಿ, ಮೈಮೇಲಿನ ಅರಳೆ ಕಿತ್ತು ತನ್ನ ಮೂಗು ಒರೆಸಿಕೊಂಡಿತು.