ಬಾಯಿ ಮುಚ್ಚಿದ ಧೂಪದ ಮನೆ

ಐವಿ ಬಸಿಯನ್ನು ಮಗುಚಿ ಅದರ ತಳ ನೋಡುತ್ತಿದ್ದಳು. ತಂಗಿ ಎನಿಡ್‌ಳನ್ನು ಮಣ್ಣು ಮಾಡಿ ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ.

"ದೊಡ್ಡಮ್ಮ, ಇವತ್ತಾದ್ರೂ ಬಿಡಬಾರ್ದಾ?" ಎಂದಳು ಎನಿಡ್‌ಳ ಮಗಳು ಮೇವಿಸ್, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಮುಂದೆ ಹಿಡಿದು.

"ಕಾರ್ಖಾನೇಲಿ ಪಿಂಗಾಣಿ ಹೂವು ಮಾಡಿ ಮುದುಕಿ ಆದೋಳು ಕಣೇ. ತಳದಲ್ಲಿ ಯಾವ ಕಾರ್ಖಾನೆ ಮುದ್ರೆ ಅಂತ ನೋಡ್ದೆ ನಂಗೆ ಟೀ ಇಳಿಯಲ್ಲ."

ಪಿಂಗಾಣಿ ಕಾರ್ಖಾನೆಗಳ ಊರಾದ ಬರ್ಸ್ಲೆಮ್‌ನವರ ಹುಟ್ಟುಗುಣ ಅದು. ಆದರೆ ಅಗ್ಗಿಷ್ಟಿಕೆಯ ಮೇಲಿದ್ದ ಧೂಪದ ಮನೆಯತ್ತ ಮಾತ್ರ ಐವಿ ಕಣ್ಣೆತ್ತಲಿಲ್ಲ. ಅಂಗೈಯಗಲದ ಹಳೇ ಪಿಂಗಾಣಿ ಮನೆ, ಗೋಡೆ ತುಂಬ ಪುಟ್ಟ ಹೂಗಳು. ಒಳಗೆ ಧೂಪದ ಬಿಲ್ಲೆ ಹಚ್ಚಿಟ್ಟರೆ ಹೊಗೆಗೂಡಿನಿಂದ ಪರಿಮಳ ಹೊರಡಬೇಕು. ಅಜ್ಜಿಯಿಂದ ತನಗೆ ಬಂದದ್ದನ್ನು ತಂಗಿಯ ಮದುವೆಗೆ ಕೊಟ್ಟವಳು ಐವಿಯೇ.

*

ಹಿಂದೊಂದು ಕ್ರಿಸ್‌ಮಸ್‌ಗೆ ಐವಿ ಬಿಲ್ಲೆಗಳ ಪೊಟ್ಟಣ ಹಿಡಿದು ಬಂದರೆ, ಹೊಗೆಗೂಡಿನ ಬಾಯಿಗೆ ಒಳಗಿನಿಂದ ಏನನ್ನೋ ಮೆತ್ತಿ ಮುಚ್ಚಿತ್ತು.

"ನಾನು ಕೊಟ್ಟಿದ್ದು ಅಷ್ಟೊಂದು ಬೇಡವಾಯ್ತೇನೇ?"

"ಹೊಗೆ ಸಾಕು ಅನ್ನಿಸ್ತು ಕಣಕ್ಕ," ಎಂದು ಎನಿಡ್ ಪೊಟ್ಟಣವನ್ನು ಒಳಗಿಡಲು ಹೋದಳು.

ಐವಿ ಆಮೇಲೆ ಈ ಹೊಸಿಲು ತುಳಿದದ್ದು ಇವತ್ತೇ.

*

"ಅದನ್ನ ತಗೊಂಡ್ಹೋಗಿ ಅತ್ತಿಗೆ," ಎಂದ ಎನಿಡ್‌ಳ ಗಂಡ ಕ್ಲಿಫ್, ಕಿಟಕಿಯ ಬಳಿ ಕೂತಲ್ಲಿಂದಲೇ. ಅಷ್ಟಕ್ಕೇ ಕೆಮ್ಮು ಹತ್ತಿತು. "ಮುಚ್ಚಿಸಿದ್ದು ನಾನು. ಕಾರ್ಖಾನೆ ಧೂಳು ಎದೆಗಿಳಿದಿತ್ತು, ಹೊಗೆ ಕಂಡ್ರೆ ಉಸಿರು ಕಟ್ತಿತ್ತು. ಗೊತ್ತಾದ್ರೆ ಕೆಲಸ ಹೋಗುತ್ತೆ, ಅಕ್ಕಂಗೂ ಹೇಳ್ಬೇಡ ಅಂತ ಎನಿಡ್‌ಗೆ ಅಂದಿದ್ದೆ."

"ಬಿಲ್ಲೆ ಹಚ್ಚದಿದ್ರೆ ಸಾಕಾಗ್ತಿತ್ತಲ್ಲ?"

"ಬಂದ ಕೂಡ್ಲೆ ಹಚ್ತಿದ್ದೋರು ನೀವೇ ಅಲ್ವಾ."

ಐವಿ ಧೂಪದ ಮನೆಯನ್ನು ಕೈಗೆ ತೆಗೆದುಕೊಂಡು, ಬಾಯಿ ಮುಚ್ಚಿದ ಮೇಲೆ ಮೊದಲ ಸಲ ಮಗುಚಿದಳು. ಬೆರಳು ಒಳಗೆ ಹಾಕಿ ಕೆರೆದರೆ ಉಗುರಿಗೆ ಬೂದುಬಣ್ಣದ ಪುಡಿ ಬಂತು.

"ಅಂಟು ಹಾಕಿಲ್ಲ, ಭಟ್ಟೀಲಿ ಸುಟ್ಟೂ ಇಲ್ಲ. ಬರೀ ಮಣ್ಣು ಕಣೇ ಮೇವಿಸ್. ನೀರು ತಾಗಿದ್ರೆ ಕರಗಿಹೋಗುತ್ತೆ." ಐವಿ ಉಗುರಿನ ಪುಡಿಯನ್ನು ಅವಳಿಗೆ ತೋರಿಸಿದಳು. "ಒಂದಿನ ತೆಗೀಬೇಕು ಅಂತಾನೇ ಮುಚ್ಚಿದಾಳೆ."

ಬೋಗುಣಿಯ ಬಿಸಿನೀರಿನಲ್ಲಿ ಮಣ್ಣು ಹಾಲಿನಂತೆ ಬಿಟ್ಟುಕೊಂಡಿತು. ಮೇವಿಸ್ ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಪೊಟ್ಟಣ ತಂದಳು. ಆ ಕ್ರಿಸ್‌ಮಸ್‌ನ ಬಿಲ್ಲೆಗಳೇ, ಒಂದೂ ಖರ್ಚಾಗಿರಲಿಲ್ಲ.

"ಇಲ್ಲಿ ಬೇಡ," ಎಂದು ಐವಿ ಕಿಟಕಿಯನ್ನು ಭದ್ರವಾಗಿ ಮುಚ್ಚಿ ಹಿತ್ತಲಿಗೆ ಹೋದಳು.

ಪಿಂಗಾಣಿ ಸುಡುವ ಊರಿನ ದೊಡ್ಡ ಭಟ್ಟಿಗಳು ಆರಿ ಎಷ್ಟೋ ಕಾಲವಾಗಿತ್ತು. ಹಿತ್ತಲ ಗೋಡೆಯ ಮೇಲಿಟ್ಟ ಪುಟ್ಟ ಮನೆಯೊಳಗೆ ಬಿಲ್ಲೆ ಹಚ್ಚಿ, ಐವಿ ಗಾಳಿಗೆ ಕೋಟನ್ನು ಮರೆಹಿಡಿದು ನಿಂತಳು. ಹೊಗೆಗೂಡಿನಿಂದ ಒಂದೆಳೆ ಹೊಗೆ ಮೇಲೆದ್ದಿತು. ಮುಚ್ಚಿದ ಗಾಜಿನ ಹಿಂದೆ ಕ್ಲಿಫ್, ಪರಿಮಳ ತನಗೂ ತಲುಪಿತೆಂಬಂತೆ, ಮೂಗರಳಿಸಿ ಮೆಲ್ಲಗೆ ಉಸಿರೆಳೆದುಕೊಂಡ.