ಮೂರು ಕಡೆ ಇಟ್ಟ ಪುಸ್ತಕ

ಬಸ್ ಡಿಪೋದ ಮೆಕ್ಯಾನಿಕ್ಕನಿಗೆ ಬೀದಿಯವರು ಲಿನಕ್ಸಪ್ಪ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾರ ಮನೆಯ ಹಳೇ ಕಂಪ್ಯೂಟರ್ ಏದುಸಿರು ಬಿಟ್ಟರೂ ರಜೆಯ ದಿನ ಹೋಗಿ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿಕೊಟ್ಟು, ಕೇಳದಿದ್ದರೂ ಒಂದು ಉಪದೇಶ ಕೊಟ್ಟು ಬರುತ್ತಿದ್ದ: "ಬಿಟ್ಟಿ ಸಿಗುತ್ತೆ ಅಂತ ತಾತ್ಸಾರ ಬೇಡ. ಮತ್ತೆ, ಏನೇ ಇರ್ಲಿ, ಮೂರು ಕಡೆ ಕಾಪಿ ಇಟ್ಕೊಳ್ಳಿ."

ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಮೇಜು. ಮೇಜಿನ ತುದಿಯಲ್ಲಿ ಅವನು ಜೋಡಿಸಿಕೊಟ್ಟ ಕಂಪ್ಯೂಟರ್. ಹೊಲಿಗೆ ಕಲಿಯುವವರಿಗೆಂದು ಅವಳು ಎರಡು ವರ್ಷದಿಂದ ಅದರಲ್ಲೊಂದು ಪುಸ್ತಕ ಬರೆಯುತ್ತಿದ್ದಳು. ಭಾನುವಾರ ಬಂತೆಂದರೆ ಗಂಡ ಅದನ್ನು ಭಕ್ತಿಯಿಂದ ಮೂರು ಕಡೆ ಕಾಪಿ ಮಾಡುತ್ತಿದ್ದ.

ಒಂದು ಭಾನುವಾರ ಅದೇ ಕಂಪ್ಯೂಟರಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಲು ಕೂತ. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಅದು ಕೇಳಿತು. ಮೂರು ಕಡೆ ಇದೆಯಲ್ಲ ಎಂದು ಠೀವಿಯಿಂದ ಹೌದು ಒತ್ತಿದ. ಅಳಿಸಿ ಮುಗಿದ ಮೇಲೆ ನಿಜ ಹೊಳೆಯಿತು. ಒಂದೇ ಡಿಸ್ಕನ್ನು ಮೂರು ಪಾಲು ಮಾಡಿ, ಪಾಲಿಗೊಂದು ಕಾಪಿ ಇಟ್ಟಿದ್ದ ಮಹಾನುಭಾವ! ಪರದೆಯ ಮೇಲೆ ಮೂರು ಹೆಸರು ನೋಡಿ ನೋಡಿ, ಅವು ಮೂರು ಬೇರೆ ಡಿಸ್ಕುಗಳೆಂದೇ ತಲೆಯಲ್ಲಿ ಕೂತುಬಿಟ್ಟಿತ್ತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅಳಿಸಿದ್ದನ್ನು ಹುಡುಕುವ ತಂತ್ರಾಂಶವನ್ನೂ ಓಡಿಸಿದ. ಸಿಕ್ಕಿದ್ದು ತೋಳಿನ ಅಳತೆಯ ಅರ್ಧ ಚಿತ್ರ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಹೆಂಡತಿಯ ಕಡೆ ತಿರುಗಿ ಹೇಳಿದ.

ಅವಳ ಮಷೀನು ನಿಂತಿತು. "ಪೂರ್ತಿನಾ?"

"ಪೂರ್ತಿ ಕಣೇ. ತಪ್ಪು ನಂದೇ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅದ್ರಲ್ಲಿ ಏನು ಬರ್ದಿದ್ದೆ? ಹೇಳಿ ನೋಡೋಣ."

"ಅದೇ... ಹೊಲಿಗೆ ವಿಷ್ಯ."

"ಹೊಲಿಗೆ ವಿಷ್ಯ ಅಂದ್ರೆ?"

ವಾರವಾರವೂ ಕಾಪಿ ಮಾಡಿದವನು ಒಂದೇ ಒಂದು ಸಾಲು ಓದಿರಲಿಲ್ಲ.

"ಹೋಗಿದ್ದಕ್ಕಿಂತ ಇದಕ್ಕೇ ಹೊಟ್ಟೆ ಉರಿಯುತ್ತೆ ನೋಡ್ರೀ," ಎಂದಳು. ಕಂಪ್ಯೂಟರಿನ ಮುಂದಕ್ಕೆ ಕುರ್ಚಿ ಎಳೆದಳು. "ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವು ಟೈಪ್ ಮಾಡಿ. ನನ್ನ ತಲೇಲಿರೋದನ್ನ ಅಳಿಸೋಕೆ ನಿಮ್ಮಿಂದಾಗಲ್ಲ."

ಅವನು ಎರಡೇ ಬೆರಳಲ್ಲಿ ಕುಟ್ಟತೊಡಗಿದ. ಅವಳು ಬಟ್ಟೆಗೆ ಗುಂಡಿ ಹಾಕುತ್ತಲೇ, ಪಾಠ ಒಪ್ಪಿಸುವವಳಂತೆ ಹೇಳುತ್ತಾ ಹೋದಳು.

"ಯಾರ ಮೈಯೂ ಎರಡು ಕಡೆ ಒಂದೇ ಸಮನಾಗಿರುವುದಿಲ್ಲ. ನಮ್ಮ ಮನೆಯವರು ಡಿಪೋದಲ್ಲಿ ಭಾರ ಹೊತ್ತು ಹೊತ್ತು ಅವರ ಬಲಭುಜ ಇಳಿದಿದೆ. ಅವರ ಅಂಗಿಗೆ ಆ ಕಡೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಡುತ್ತೇನೆ. ಇಳಿದದ್ದು ಹೊರಗಿನವರಿಗೆ ಕಾಣಬಾರದು, ಕೊಟ್ಟದ್ದು ತೊಟ್ಟವರಿಗೆ ತಿಳಿಯಬಾರದು."

ಅವನ ಬೆರಳು ನಿಂತವು. ಕಾಲರಿನೊಳಗೆ ಕೈ ಹಾಕಿ ಬಲಭುಜ ಸವರಿದ. ಪದರ ಇತ್ತು, ಸಣ್ಣ ಸಣ್ಣ ಹೊಲಿಗೆ. ಎಡಗಡೆ ಮುಟ್ಟಿ ನೋಡಿದ, ಅಲ್ಲಿ ಇರಲಿಲ್ಲ. ಇಷ್ಟು ವರ್ಷ ತನ್ನ ಭುಜ ನೆಟ್ಟಗಿದೆ ಎಂದೇ ಅವನು ತಿಳಿದಿದ್ದ. ನಾಚಿಕೆಯಾಯಿತು, ಅದರ ಬೆನ್ನಿಗೇ ಅವಳ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

"ಯಾಕ್ರೀ ನಿಲ್ಲಿಸಿದ್ರಿ?" ಎಂದಳು, ತಲೆ ಎತ್ತದೆ.

"ಏನಿಲ್ಲ," ಎಂದ. ಬೆರಳು ಮತ್ತೆ ಕೀಲಿಮಣೆಯ ಮೇಲಿಟ್ಟ. "ಆಮೇಲೆ ಏನು ಬರ್ದಿದ್ದೆ, ಹೇಳು."