ನಾನು ಕಾಣದ ಮುರಿತ

ದಾಕ್ಷಾಯಣಿಯ ಬಳಿ ಉಕ್ಕು ಮುರಿಯುವ ಹೊತ್ತಿನ ಅಳತೆ ಇರಲಿಲ್ಲ. ಅದನ್ನು ಕೊಡಬೇಕಾದದ್ದು ನಾನು.

ನಾನು ಒಂದು ಎಕ್ಸ್‌ಟೆನ್ಸೋಮೀಟರ್. ಅಂಗೈಯಲ್ಲಿ ಹಿಡಿಸುವ, ಇಕ್ಕಳದಂಥ ಉಪಕರಣ. ಲೋಹದ ಸರಳಿಗೆ ನನ್ನನ್ನು ಕಚ್ಚಿಸಿ ಯಂತ್ರದಿಂದ ಎಳೆದರೆ, ಸರಳು ಕೂದಲೆಳೆಯಷ್ಟು ಹಿಗ್ಗಿದರೂ ಹೇಳುತ್ತೇನೆ. ಹುಟ್ಟಿದ್ದು ಚೆನ್ನೈನ ಒಂದು ಕಾರ್ಖಾನೆಯಲ್ಲಿ. ಸರಳು ಮುರಿಯುವ ಪೆಟ್ಟನ್ನು ತಾಳಿಕೊಳ್ಳುವಂತೆಯೇ ನನ್ನನ್ನು ಮಾಡಿದ್ದರು. ಧಾರವಾಡದ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನನ್ನ ಪೆಟ್ಟಿಗೆ ಬಿಚ್ಚಿದ ಈರಪ್ಪ ಬಡಿಗೇರ ಮಾತ್ರ ಅದನ್ನು ನಂಬಲಿಲ್ಲ.

ಬಡಿಗೇರ ಆ ಲ್ಯಾಬಿನ ಇನ್‌ಸ್ಟ್ರಕ್ಟರ್. ನನಗಿಂತ ಮೊದಲಿದ್ದ ಉಪಕರಣ ಒಡೆದಾಗ ಅವರ ಬಡ್ತಿ ತಡೆದಿದ್ದರಂತೆ. ಹಾಗಾಗಿ ಸರಳಿನ ನಡು ಸಣ್ಣಗಾಗತೊಡಗಿದ ಕೂಡಲೇ, ಯಂತ್ರ ಎಳೆಯುತ್ತಿರುವಾಗಲೇ, ನನ್ನನ್ನು ಕಳಚಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಮುರಿತ ನನಗೆ ಸದ್ದಾಗಿ ಮಾತ್ರ ಗೊತ್ತು. ಪ್ರಾಕ್ಟಿಕಲ್ ಮುಗಿಸುವ ಹುಡುಗರಿಗೆ ಅಷ್ಟು ಸಾಕಾಗಿತ್ತು.

ಪಿಎಚ್‌.ಡಿ. ಮಾಡುತ್ತಿದ್ದ ದಾಕ್ಷಾಯಣಿಗೆ ಸಾಲುತ್ತಿರಲಿಲ್ಲ. ನಡು ಸಣ್ಣಗಾದ ಮೇಲೆ ಉಕ್ಕಿನೊಳಗೆ ಕಣ್ಣಿಗೆ ಕಾಣದ ತೂತುಗಳು ಬೆಳೆದು, ಒಂದಕ್ಕೊಂದು ಕೂಡಿಕೊಂಡು ಸರಳು ಮುರಿಯುತ್ತದೆ. ಅದನ್ನು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು. ತೂತು ಬೆಳೆಯುವ ವೇಗವನ್ನು ಮೂರು ಬಗೆಯಲ್ಲಿ ಊಹಿಸಿದ್ದಳು. ನಡು ಸಣ್ಣಗಾಗುವವರೆಗೆ ಮೂರು ಲೆಕ್ಕಗಳೂ ಒಂದೇ ಗೆರೆ ಎಳೆಯುತ್ತಿದ್ದವು. ಮುಂದೆ ಮೂರೂ ಬೇರೆ ಬೇರೆ ಕಡೆ ಮುರಿಯುತ್ತಿದ್ದವು. ಯಾವುದು ನಿಜ ಎಂದು ತಿಳಿಯಲು ನಾನು ಕೊನೆಯವರೆಗೂ ಸರಳಿನ ಮೇಲೆ ಇರಬೇಕಿತ್ತು. ಮುಚ್ಚಿದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ತಗಡಿನಿಂದ ಅವಳು ಕಡೆಸಿದ್ದು ಆರು ಸರಳು. ಐದು ಹೀಗೇ ಹೋಗಿದ್ದವು. ಉಳಿದ ತಗಡು ಗುಜರಿಗೆ ಹೋಗಿತ್ತು.

“ಸರ್, ಇದೊಂದಕ್ಕ ತಗೀಬ್ಯಾಡ್ರಿ.”

“ಒಡದ್ರ ನಿಮ್ಮ ಗೈಡ್ ಬಂದು ಸಹಿ ಮಾಡ್ತಾರೇನವ್ವಾ?”

“ನಾನ ಮಾಡ್ತೀನ್ರಿ.”

“ನೀ ಮಾಡಿ ಏನ್ ಬಂತು? ಬಡ್ತಿ ಹಿಡಿಯಾಕ ನಿನಗ ನೌಕರೀನ ಇಲ್ಲ.”

ಅವಳು ಬಿಡಲಿಲ್ಲ. ದಿನಾ ಬಂದು ಕಾಡಿದಳು. ಕೊನೆಗೆ ಬಡಿಗೇರ ಒಪ್ಪಿದರು, ಮನಸ್ಸಿನಿಂದಲೇ. ಸರಳನ್ನು ತಾವೇ ಕೂರಿಸಿದರು, ನನ್ನನ್ನು ತಾವೇ ಕಚ್ಚಿಸಿದರು. ಯಂತ್ರ ಎಳೆಯಿತು. ನಡು ಸಣ್ಣಗಾಯಿತು. ನನ್ನ ಹಲ್ಲುಗಳ ನಡುವೆ ಉಕ್ಕು ಬೆಚ್ಚಗಾಯಿತು. ಈ ಸಲ ಮುಂದಿನದನ್ನೂ ಅಳೆಯುತ್ತೇನೆ ಅಂದುಕೊಂಡೆ. ಅಷ್ಟರಲ್ಲಿ ಬಡಿಗೇರರ ಕೈ ಬಂತು, ನನ್ನನ್ನು ಕಳಚಿತು. ಕಳಚಿದ ಮೇಲೆಯೇ ಅವರಿಗೆ ಗೊತ್ತಾದದ್ದು. ಸರಳು ಮುರಿಯಿತು.

“ಕೈ ರೂಢಿ ಆಗೇತವ್ವಾ,” ಅಂದರು, ನನ್ನನ್ನು ಹಿಡಿದುಕೊಂಡೇ.

ದಾಕ್ಷಾಯಣಿ ಎರಡು ತುಂಡುಗಳನ್ನು ಎತ್ತಿಕೊಂಡಳು. “ಪೆಟ್ಟಿಗ್ಯಾಗ ಇಡ್ರಿ ಸರ್. ಬಿದ್ದೀತು.”

ಮುಂದಿನದು ಲ್ಯಾಬಿನಲ್ಲಿ ಆಡಿಕೊಂಡದ್ದು. ಮೂರು ಗೆರೆಗಳಲ್ಲಿ ನೋಡಲು ಚೆನ್ನಾಗಿರುವುದನ್ನು ಆರಿಸಿಕೋ ಎಂದು ಗೈಡ್ ಹೇಳಿದರಂತೆ. ಆರಿಸಿದಳು. ಇದೇ ಏಕೆ ಎಂದು ಪರೀಕ್ಷಕರು ಕೇಳಿದರು. ತೋರಿಸಲು ಅವಳ ಬಳಿ ಅಳತೆ ಇರಲಿಲ್ಲ. ಪ್ರಬಂಧ ವಾಪಸು ಬಂತು, ಅವಳು ಬರಲಿಲ್ಲ.

ಬಡಿಗೇರ ನಿವೃತ್ತರಾದರು. ಕ್ಯಾಮೆರಾದಿಂದ ಅಳೆಯುವ ಹೊಸ ಯಂತ್ರ ಬಂತು. ನಾನು ಹರಾಜಿನ ಸಾಮಾನಿನ ಜೊತೆ ಮೆಟ್ಟಿಲ ಕೆಳಗಿದ್ದೇನೆ. ನೋಡಿದವರು ಹೊಸದರ ಹಾಗಿದೆ ಅನ್ನುತ್ತಾರೆ. ನಿಜ, ಮೈಮೇಲೆ ಒಂದು ಗೀರೂ ಇಲ್ಲ. ನನ್ನನ್ನು ಅಷ್ಟು ಚೆನ್ನಾಗಿ ಕಾಪಾಡಿದ್ದಕ್ಕೆ ಕಳೆದುಹೋದದ್ದು ಇಷ್ಟು: ಆರು ಸರಳು, ದಾಕ್ಷಾಯಣಿಯ ಐದು ವರ್ಷ, ಒಂದು ಪದವಿ.